ಹೆಣದ ಮುಂದಿನ ಮಾತು

ಮಾರನಕುಂಟೆಯಲ್ಲಿ ಹೆಣದ ಮುಂದೆ ಆಡಿದ ಮಾತಿಗೆ ಯಾರೂ ಜವಾಬು ಕೇಳುವಂತಿಲ್ಲ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ಪಕ್ಕದ ನಿಡುಗಲ್ ಬೆಟ್ಟದಷ್ಟೇ ಹಳೆಯದಿರಬೇಕು. ಸತ್ತವರ ತಲೆದೆಸೆಯಲ್ಲಿ ಕೂತು ಹಾಡಿಕೊಂಡು ಅಳುವ ಹೆಂಗಸು ಆ ಸಾವನ್ನು ಯಾರ ಕೊರಳಿಗಾದರೂ ಕಟ್ಟಲೇಬೇಕು. ಯಮನ ಕೊರಳಿಗೋ, ಮನೆದೇವರ ಕೊರಳಿಗೋ, ಸೊಸೆಯ ಕೊರಳಿಗೋ, ಸೂಜಿ ಚುಚ್ಚಿದ ಡಾಕ್ಟರ ಕೊರಳಿಗೋ. ಸುಮ್ಮನೆ ಸತ್ತ ಎಂದರೆ ಸತ್ತವನಿಗೇ ಅವಮಾನ, ಕೇಳೋರಿಲ್ಲದೆ ಸತ್ತ ಅಂದ ಹಾಗೆ. ಹೆಸರು ಹಿಡಿಸಿಕೊಂಡವರು ಅಲ್ಲೇ ಗುಂಪಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಾರೆ. ಮಣ್ಣು ಮಾಡಿದ ಮೂರನೇ ದಿನ, ಹಾಲುತುಪ್ಪಕ್ಕೆ, ಅವರೇ ಒಂದು ಚೊಂಬು ಹಾಲು ತಂದು, ಬೈದವಳ ಕೈಯಿಂದ ನೀರು ಈಸಿಕೊಂಡು ಕುಡಿಯುತ್ತಾರೆ. ಅಲ್ಲಿಗೆ ಮಾತು ತೊಳೆದುಹೋಯಿತು. ಆಮೇಲೆ ಅದನ್ನು ಎತ್ತಿ ಆಡಿದವರ ಮುಖಕ್ಕೆ ಊರೇ ಉಗಿಯುತ್ತದೆ. ಸಾವಿನ ಅಂಗಳದ ಮಾತು ಅಂಗಳ ದಾಟಬಾರದು.

ಈಶ್ವರಮ್ಮ ಆ ಊರಿನ ಅಳುವ ಬಾಯಿ. ಹಗಲು ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳ ಮೂಗು ಒರೆಸಿ, ಉಪ್ಪಿಟ್ಟು ಕೆದಕಿ, ಚಾಪೆ ಕೊಡವಿ ಮನೆಗೆ ಬರುವ ಹೊತ್ತಿಗೆ ಸೊಂಟ ಅವಳದಾಗಿರುತ್ತಿರಲಿಲ್ಲ. ಗಂಡ ಹೋದಾಗ ಮಗಳು ಅನುಷಾ ಅದೇ ಅಂಗನವಾಡಿಯ ಚಾಪೆಯ ಮೇಲೆ ಮಲಗುವ ಕೂಸು. ಈಗ ಪಾವಗಡದ ಕಾಲೇಜಿನಲ್ಲಿ ಬಿ.ಕಾಂ. ಕೊನೆ ವರ್ಷ. ಯಾರ ಮನೆಯಲ್ಲಿ ಸಾವಾದರೂ ಈಶ್ವರಮ್ಮನಿಗೆ ಕರೆ ಬರುತ್ತಿತ್ತು. ಅವಳು ಕೂತು ದನಿ ತೆಗೆದಳೆಂದರೆ, ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಊರಿನವರಿಗೆಲ್ಲ ಹಾಡಿ ಅತ್ತವಳು ಈ ಸಲ ಒಡಹುಟ್ಟಿದ ತಮ್ಮನಿಗೆ ಅಳಬೇಕಾಯಿತು.

ತಮ್ಮ ಕದರಪ್ಪ ಊರಿಗೆ ನೀರು ಬಿಡುವ ನೀರುಗಂಟಿ. ಬೋರ್‌ವೆಲ್ಲಿನ ಮೋಟರು ನಿಂತರೆ ಟ್ರಾನ್ಸ್‌ಫಾರ್ಮರ್ ಕಂಬ ಹತ್ತಿ ಫ್ಯೂಸು ಹಾಕುವುದೂ ಅವನ ತಲೆಗೇ. ಅದಕ್ಕೊಂದು ಕ್ರಮವಿತ್ತು. ಅವನು ನೇರವಾಗಿ ಕರೆಂಟ್ ಸ್ಟೇಷನ್ನಿಗೆ ಹೇಳಿದರೆ ಯಾರೂ ಕೇಳುವುದಿಲ್ಲ. ಮೋಟರು ರಿಪೇರಿಯ ಗುತ್ತಿಗೆ ಹಿಡಿದಿದ್ದ ರಂಗರಾಜುವಿಗೆ ಫೋನ್ ಮಾಡಬೇಕು. ರಂಗರಾಜು ಸ್ಟೇಷನ್ನಿಗೆ ಹೇಳಿ ಲೈನು ತೆಗೆಸಿ, ಅಂದರೆ ಕರೆಂಟು ನಿಲ್ಲಿಸಿ, ‘ಇನ್ನು ಹತ್ತಪ್ಪ’ ಎಂದು ತಿರುಗಿ ಹೇಳಬೇಕು. ಆಮೇಲೆ ಕಂಬ. ಆವತ್ತು ಬೆಳಿಗ್ಗೆ ಕದರಪ್ಪ ಕಂಬ ಹತ್ತಿದ್ದ, ಲೈನಿನಲ್ಲಿ ಕರೆಂಟು ಇತ್ತು. ಊರಿಗೆ ಗೊತ್ತಿದ್ದದ್ದು ಇಷ್ಟೇ.

“ಫೋನ್ ಬಂದದ್ದು ನಿಜ ಸಾರ್. ತಾಳಪ್ಪ, ಲೈನ್ ತೆಗೆಸಿ ಹೇಳ್ತೀನಿ ಅಂದೆ. ಅಷ್ಟ್ರಲ್ಲೇ ಹತ್ಬುಟ್ಟವ್ನೆ,” ಎಂದು ರಂಗರಾಜು ಪೊಲೀಸರ ಮುಂದೆ ಹೇಳಿದ್ದ. ಅವರು ಬರೆದುಕೊಂಡು ಹೋದರು. ಫೋನಿನಲ್ಲಿ ಆಡಿದ್ದೇನೆಂದು ಗೊತ್ತಿದ್ದವರು ಇಬ್ಬರೇ. ಒಬ್ಬ ಹೇಳಿಯಾಗಿತ್ತು, ಇನ್ನೊಬ್ಬ ಹೇಳುವ ಹಾಗಿರಲಿಲ್ಲ.

ಹೆಣ ಅಂಗಳಕ್ಕೆ ಬಂದಾಗ ಈಶ್ವರಮ್ಮ ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಶುರುಮಾಡಿದಳು. ಮೊದಲು ನಿಡುಗಲ್ಲಿನ ದೇವರನ್ನು ಹಿಡಿದಳು. ಆಮೇಲೆ ‘ನೀರು ನೀರು’ ಎಂದು ಬಾಯಿ ಬಿಟ್ಟ ಊರನ್ನು, ಲೈನ್‌ಮನ್ನನ್ನು, ಕಂಬವನ್ನು ಹಿಡಿದಳು. ತಲೆ ಎತ್ತಿದಾಗ ಎದುರಿಗೆ ರಂಗರಾಜು ಟವೆಲ್ಲು ಬಾಯಿಗೊತ್ತಿಕೊಂಡು ನಿಂತಿದ್ದ. ಆಸ್ಪತ್ರೆಯಿಂದ ಹೆಣ ತರಿಸಿದವನು, ಶಾಮಿಯಾನ ಹಾಕಿಸಿದವನು ಅವನೇ. ಮೇಲಿನ ಬೀದಿಯವನು, ಅವರದೇ ಜನ, ಕದರಪ್ಪನ ಜೊತೆ ಕುಂಟೆಯಲ್ಲಿ ಈಜು ಕಲಿತವನು. ಹೆಸರು ತಾನೇ ಬಾಯಿಗೆ ಬಂತು.

“ಲೈನು ತೆಗೀದೆ ಕಂಬ ಹತ್ಸಿದ್ಯಲ್ಲೋ ರಂಗರಾಜಾ
ನೀರ್ ಹರ್ಸೋ ಕೈಯಿಗೆ ಬೆಂಕಿ ಹರಿಸಿದ್ಯಲ್ಲೋ
ಕೂಡಿ ಆಡ್ದೋನ್ನ ನೀನೇ ಕೊಂದ್ಯಲ್ಲೋ ರಂಗರಾಜಾ
ನನ್ನ ತಮ್ಮನ ಉಸ್ರು ನಿನ್ನ ಜೇಬಲ್ಲೈತಲ್ಲೋ...”

ರಂಗರಾಜು ಕಟ್ಟಳೆಯಂತೆ ತಲೆ ತಗ್ಗಿಸಿದ. ಹೆಂಗಸರು ಹೋ ಎಂದು ಅತ್ತರು. ಎಲ್ಲ ಹೇಗೆ ನಡೆಯಬೇಕೋ ಹಾಗೇ ನಡೆಯಿತು. ಬಾಗಿಲ ಕಂಬಕ್ಕೊರಗಿ ನಿಂತಿದ್ದ ಅನುಷಾ ಮಾತ್ರ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು.

ಮಣ್ಣು ಮಾಡಿ ಬಂದ ಸಂಜೆ ಅನುಷಾ ರಂಗರಾಜುವಿನ ಹೆಸರಿದ್ದ ತುಂಡನ್ನಷ್ಟೇ ಕತ್ತರಿಸಿ, ‘ನನ್ನ ಮಾವನಿಗೆ ನ್ಯಾಯ ಬೇಕು’ ಎಂದು ಮೇಲೆ ಬರೆದು, ಫೋನಿನಿಂದ ಎಲ್ಲರಿಗೂ ಕಾಣುವಂತೆ ಹಾಕಿದಳು. ದೇವರನ್ನು ಬೈದದ್ದು, ಊರನ್ನು ಬೈದದ್ದು ಅದರಲ್ಲಿ ಇರಲಿಲ್ಲ. ಬೆಳಗಾಗುವುದರೊಳಗೆ ಅದು ಮಧುಗಿರಿ, ಕೊರಟಗೆರೆ ತಿರುಗಿ ಬಂತು. ಸಿರಾದ ಯಾವನೋ ಮೊಬೈಲ್ ಚಾನೆಲ್ಲಿನವನು ಹಿಂದೆ ಡೋಲು ಬಾರಿಸಿ, ರಂಗರಾಜುವಿನ ಮುಖದ ಸುತ್ತ ಕೆಂಪು ಗೆರೆ ಎಳೆದು, ‘ಕೊಲೆಗಾರ ಕಂಟ್ರಾಕ್ಟರ್’ ಎಂದು ಹಾಕಿದ.

ಹಾಲುತುಪ್ಪದ ದಿನ ಈಶ್ವರಮ್ಮ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕೂತಳು. ನೆಂಟರು ಉಂಡು ಎದ್ದರು. ಎಡೆ ತೆಗೆದರು. ರಂಗರಾಜು ಬರಲಿಲ್ಲ. ಅವನ ಬದಲು ಮುಂದಿನ ವಾರ ಪೋಸ್ಟ್‌ಮನ್ ಬಂದ. ಲಾಯರ್ ನೋಟಿಸು. ನನ್ನ ಕಕ್ಷಿದಾರರ ಮೇಲೆ ಸುಳ್ಳು ಕೊಲೆ ಆರೋಪ ಹೊರಿಸಿ ಅವರ ಮಾನ ಕಳೆದಿದ್ದೀರಿ, ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಅಮ್ಮ ಮಗಳು ಇಬ್ಬರ ಮೇಲೂ ನ್ಯಾಯಾಲಯದಲ್ಲಿ ದೂರು, ಎಂದಿತ್ತು.

“ಏನ್ ಕೆಲ್ಸ ಮಾಡ್ದೆ ಲೇ ನೀನು?” ಈಶ್ವರಮ್ಮನಿಗೆ ಕೂಗಲೂ ತ್ರಾಣವಿರಲಿಲ್ಲ. “ಹೆಣದ್ ಮುಂದಿನ್ ಮಾತು ಎತ್ಕೊಂಡು ಬೀದಿಗೆ ಹೋಗ್ತಾರೇನೆ ಯಾರಾದ್ರೂ?”

“ಬೀದಿಗೆ ಹೋಗ್ದಿದ್ರೆ ಏನಾಗ್ತಿತ್ತು? ಮಾವನ್ನ ಮಣ್ಣು ಮಾಡ್ದಂಗೆ ಮಾತೂ ಮಣ್ಣು ಮಾಡ್ಬುಡ್ತಿದ್ರಿ.” ಅನುಷಾ ಎದುರು ನಿಂತಳು. “ಅವ್ನು ಹಾಲು ತರೋದು, ನೀನು ನೀರು ಕೊಡೋದು, ಆಮೇಲೆ ಎಲ್ಲ ಸರಿಹೋಗೋದು. ಮಾವನ ಹೆಂಡ್ತಿ ಮಕ್ಕಳನ್ನ ಯಾರು ಸಾಕ್ತಾರೆ? ಮಾತಾಡೋದು ನಮ್ ಹಕ್ಕು ಕಣಮ್ಮ. ಬಾಬಾಸಾಹೇಬ್ರು ಬರ್ದಿಟ್ಟವ್ರೆ.”

“ನಾನೇನ್ ಕಣ್ಣಲ್ ಕಂಡಿದ್ನಾ?”

“ಮತ್ಯಾಕೆ ಅಂದೆ?”

ಈಶ್ವರಮ್ಮನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಎದುರಿಗೆ ನಿಂತಿದ್ದ, ಅದಕ್ಕೇ ಅಂದೆ. ಹಾಗೆಂದರೆ ಓದಿದ ಹುಡುಗಿಗೆ ಅರ್ಥವಾದೀತೆ? “ಅದು ಅಂದಿದ್ದಲ್ಲ. ಅತ್ತಿದ್ದು,” ಎಂದಳು.

ಪಾವಗಡದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಚನ್ನಮಲ್ಲಯ್ಯನವರ ಕಚೇರಿ. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಬಡವರ ಕೇಸು ಹಿಡಿದೇ ಮುದುಕರಾದ ವಕೀಲರು. ನೋಟಿಸು ಓದಿ, ವಿಡಿಯೋ ನೋಡಿ, ಇನ್ನೊಂದು ಸಲ ನೋಡಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಸರ್, ಮಾತಾಡೋಕೆ ನಮಗೆ ಸ್ವಾತಂತ್ರ್ಯ ಇಲ್ವಾ?” ಅನುಷಾ ಕೇಳಿದಳು.

“ಐತಮ್ಮ. ಬರೆದವರು ಯಾರು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅದರ ಕೆಳಗೇ ಇನ್ನೊಂದು ಸಾಲು ಬರೆದಿದ್ದಾರೆ, ಅದನ್ನ ಕಾಲೇಜಲ್ಲಿ ಓದಿಸಲಿಲ್ವಾ? ಇನ್ನೊಬ್ಬರ ಮಾನ ತೆಗೆಯೋ ಮಾತಿಗೆ ಸರ್ಕಾರ ಕಡಿವಾಣ ಹಾಕಬಹುದು ಅಂತ. ಎರಡೂ ಸಾಲು ನಿನ್ನ ಕಾಯೋಕೇ ಇರೋದು. ನಾಳೆ ಯಾವನೋ ನಿನ್ನ ಫೋಟೋ ಹಾಕಿ ಇವಳು ಕಳ್ಳಿ ಅಂದರೆ ಯಾವ ಸಾಲು ಹಿಡ್ಕೊಂಡು ನನ್ನ ಹತ್ರ ಬರ್ತೀಯ?”

ವಕೀಲರು ಈಶ್ವರಮ್ಮನ ಕಡೆ ತಿರುಗಿದರು.

“ನೀವು ಹಾಡಿದ್ದರ ಮೇಲೆ ಕೋರ್ಟು ಬಹಳ ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ ಈಶ್ವರಮ್ಮ. ದುಃಖದಲ್ಲಿದ್ದಿರಿ ಅನ್ನಬಹುದು. ಆದರೆ ಎತ್ತಿ ಹೊರಗೆ ಹಾಕಿದ್ದಾಳಲ್ಲ, ಅದು ಪೆಟ್ಟು. ದೂರು ಬಿದ್ದರೆ ಮೊದಲನೇ ಹೆಸರು ಇವಳದು. ನಿಮ್ಮ ಊರಲ್ಲೂ ಇದೇ ಕಾನೂನು ಅಂತ ಈಗ ನೀವೇ ಹೇಳಿದಿರಿ. ಅಂಗಳ ದಾಟಬಾರದು.”

“ತಪ್ಪಿಸ್ಕೊಳ್ಳೋಕೆ ದಾರಿ ಇಲ್ವಾ ಸ್ವಾಮಿ?”

“ಒಂದೇ ದಾರಿ. ಅದು ನಿಜ, ಜನರಿಗೆ ಗೊತ್ತಾಗಬೇಕಾದ ನಿಜ, ಅಂತ ತೋರಿಸಬೇಕು. ಅವನು ‘ಹತ್ತು’ ಅಂದದ್ದನ್ನ ಕೇಳಿದವರಿದ್ದಾರಾ?”

ಈಶ್ವರಮ್ಮ ತಲೆಯಾಡಿಸಿದಳು. ಇಲ್ಲ.

“ನಿಮಗೆ ಗೊತ್ತಾ, ಅವನು ಅಂದ ಅಂತ?”

ಈಶ್ವರಮ್ಮ ಸೆರಗಿನ ತುದಿ ಹೊಸೆದಳು. “ಗೊತ್ತಿಲ್ಲ ಸ್ವಾಮಿ.”

“ಹಂಗಾದ್ರೆ ಗೊತ್ತಿಲ್ಲದ್ದನ್ನ ಗೊತ್ತಿದ್ದಂಗೆ ಹೇಳಿದಂಗಾಯ್ತಲ್ಲಮ್ಮ,” ಎಂದರು ಚನ್ನಮಲ್ಲಯ್ಯ. ಬೈದಂತೆ ಇರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ಓದಿದಂತೆ ಇತ್ತು.

ಇತ್ತ ಅಂಗನವಾಡಿಯ ಮೇಲ್ವಿಚಾರಕಿ, ಕೋರ್ಟು ಕಚೇರಿ ಅಂತ ಹೋದರೆ ಕೆಲಸಕ್ಕೆ ತೊಂದರೆಯಾದೀತು, ಬೇಗ ಬಗೆಹರಿಸಿಕೋ ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದಳು. ತಮ್ಮನ ಹೆಂಡತಿ ಪಟಾಲಮ್ಮನದು ಬೇರೆ ಮಾತು. ಮಡಕಶಿರಾ ಕಡೆಯಿಂದ ಬಂದ ಹೆಣ್ಣು, ಗಂಡನ ಅಕ್ಕನನ್ನು ತೆಲುಗಿನಲ್ಲಿ ‘ವದಿನಾ’ ಎಂದೇ ಕರೆಯುವವಳು. ಎರಡು ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಂಡು ಬಂದು ಈಶ್ವರಮ್ಮನ ಕೈ ಹಿಡಿದಳು.

“ನೀ ಮಾತು ತಿರುಗಿಸ್ಬೇಡ ವದಿನಾ. ವಿಡಿಯೋ ನೋಡೇ ಆಫೀಸ್ನೋರು ಪರಿಹಾರದ ಫೈಲು ತೆಗ್ದವ್ರೆ. ಇಲ್ದಿದ್ರೆ ‘ಅವ್ನೇ ನೋಡ್ದೆ ಹತ್ತವ್ನೆ, ಅವ್ನ ತಪ್ಪು’ ಅಂತ ಮುಚ್ಚೇಬುಡ್ತಿದ್ರು. ದೇವುಡಾ, ಸತ್ತೋನ ಮೇಲೆ ತಪ್ಪು ಹಾಕೋದು ಏನ್ ಕಷ್ಟ? ತಿರುಗಿ ಬಂದ್ ಕೇಳ್ತಾನಾ?”

“ನಮ್ಗೆ ಗೊತ್ತಿಲ್ವಲ್ಲಮ್ಮ ನಿಜ ಏನು ಅಂತ.”

“ನಂಗೊತ್ತು. ಇಪ್ಪತ್ ವರ್ಷ ಕಂಬ ಹತ್ತಿದೋನು, ಲೈನ್ ತೆಗ್ದೋರು ಹೇಳ್ದೆ ಹತ್ತೋನಲ್ಲ ನಿನ್ ತಮ್ಮ. ಮನೇಲಿ ಬಲ್ಬು ಬದ್ಲಾಯಿಸ್ಬೇಕಾದ್ರೂ ಮೇನ್ ಸ್ವಿಚ್ ಆರಿಸ್ತಿದ್ದ.”

ಅದೂ ನಿಜವೇ. ಆದರೆ ಅದು ಸಾಕ್ಷಿಯಲ್ಲ ಎಂಬುದು ಈಗ ಈಶ್ವರಮ್ಮನಿಗೆ ತಿಳಿದಿತ್ತು. ತಿಳಿಯದೆ ಇದ್ದಿದ್ದರೇ ಚೆನ್ನಾಗಿತ್ತು.

ಆ ಭಾನುವಾರ ರಂಗರಾಜುವಿನ ಹೆಂಡತಿ ವೇದಾವತಿ ಬಂದಳು. ಜಗಳಕ್ಕೆ ಬಂದಳೆಂದು ಅನುಷಾ ಬಾಗಿಲಿಗೆ ಅಡ್ಡ ನಿಂತರೆ, ವೇದಾವತಿ ಅವಳ ಪಕ್ಕದಲ್ಲಿ ನುಸುಳಿ ಬಂದು ನೆಲದ ಮೇಲೆ ಕೂತಳು. ತಲೆ ಬಾಚಿರಲಿಲ್ಲ.

“ನಮ್ ಪ್ರಿಯಾಂಕಂಗೆ ನೀನೇ ಅಲ್ವೇನಕ್ಕ ಅಂಗನವಾಡೀಲಿ ಗಂಜಿ ಕುಡ್ಸಿದ್ದು? ‘ಈಸಮ್ಮತ್ತೆ, ಈಸಮ್ಮತ್ತೆ’ ಅಂತ ನಿನ್ ಸೆರಗು ಹಿಡ್ಕೊಂಡು ಓಡಾಡ್ತಿದ್ಲು.”

“ಹೂಂ ಕಣಮ್ಮ.”

“ಹುಲಿಕುಂಟೆ ಕಡೆ ಸಂಬಂಧ ಕೂಡಿತ್ತು. ಕೊಲೆಗಾರ್ನ ಮಗ್ಳು ಬೇಡ ಅಂತ ವೀಳ್ಯ ವಾಪಸ್ ಕಳಿಸ್ಬುಟ್ರು. ಹುಡ್ಗಿ ಕೋಣೆ ಬಿಟ್ಟು ಈಚೆ ಬರ್ತಾ ಇಲ್ಲ. ಗುರುತು ಪರಿಚಯ ಇಲ್ದೋರೆಲ್ಲ ಫೋನ್ ಮಾಡಿ ‘ಎಷ್ಟಕ್ಕೆ ಕೊಂದ್ರಿ’ ಅಂತ ಕೇಳ್ತಾರೆ. ಮೊನ್ನೆ ಯಾವಳೋ ಹೆಂಗ್ಸು ಕೇಳಿದ್ಲು, ಹೆಂಗಸು!” ವೇದಾವತಿ ಅನುಷಾಳ ಕಡೆ ತಿರುಗಿದಳು. “ನಿಮ್ಮಾವಂಗೆ ನ್ಯಾಯ ಬೇಕು ಸರಿ ಕಣವ್ವ. ನನ್ ಮಗ್ಳು ಏನ್ ಮಾಡಿದ್ಲು, ಹೇಳು. ಅವ್ಳೇನ್ ಕಂಬ ಹತ್ಸಿದ್ಲಾ?”

ಅನುಷಾ ಗೋಡೆಯ ಕಡೆ ಮುಖ ಮಾಡಿದಳು. ವಿಡಿಯೋವನ್ನು ಅವಳು ಅಳಿಸಿ ಆಗಲೇ ಬಹಳ ದಿನವಾಗಿತ್ತು. ಅವಳದನ್ನು ಅಳಿಸಿದರೆ ಊರ ಮೇಲಿನದು ಅಳಿಯುತ್ತದೆಯೇ? ಕೈ ತಪ್ಪಿದ ಮೆಣಸಿನ ಪುಡಿ, ಗಾಳಿಗೆ ಸಿಕ್ಕಿತ್ತು.

“ನಿಮ್ಮೋರು ಕದರಂಗೆ ‘ಹತ್ತು’ ಅಂದ್ರಾ ವೇದಾವತಿ? ನಿನ್ ಮಗ್ಳ ಮೇಲಾಣೆ ಮಾಡಿ ಹೇಳು,” ಈಶ್ವರಮ್ಮ ಕೇಳಿದಳು.

“ನಂಗೇನ್ ಗೊತ್ತಕ್ಕ? ಇಲ್ಲ ಅಂತಾರೆ. ನಂಬ್ಕೊಂಡಿದೀನಿ. ನಿನ್ ಗಂಡ ಇದ್ದಿದ್ರೆ ನೀನ್ ನಂಬ್ತಿರ್ಲಿಲ್ವಾ?”

ಅವಳು ಹೋದ ಮೇಲೆ ಈಶ್ವರಮ್ಮ ಒಲೆ ಹಚ್ಚದೆ ಕೂತಳು. ಒಂದು ಕಡೆ ತಮ್ಮ. ಅವನ ತಲೆ ತೊಡೆಯ ಮೇಲಿದ್ದಾಗ ಆಡಿದ ಮಾತು. ಅದನ್ನು ಸುಳ್ಳು ಎಂದರೆ ಅವನ ಮುಖಕ್ಕೇ ಸುಳ್ಳು ಹೇಳಿ ಕಳಿಸಿದಂತೆ. ಇನ್ನೊಂದು ಕಡೆ ಸೆರಗು ಹಿಡಿದು ಓಡಾಡಿದ ಹುಡುಗಿ. ಮಧ್ಯೆ ತನಗೆ ಗೊತ್ತಿಲ್ಲದ ಒಂದು ಫೋನಿನ ಮಾತು. ಗೊತ್ತಿಲ್ಲದೆ ಒಬ್ಬನನ್ನು ಕೊಲೆಗಾರ ಅನ್ನುವುದು ತಪ್ಪು, ಅದನ್ನ ಯಾವ ಕೋರ್ಟೂ ಹೇಳಬೇಕಾಗಿಲ್ಲ. ಅಷ್ಟು ಅವಳ ಮನಸ್ಸಿಗೆ ಸ್ಪಷ್ಟವಾಯಿತು. ಬೆಳಿಗ್ಗೆ ಮಗಳಿಗೆ, “ವಕೀಲ್ರಿಗೆ ಫೋನ್ ಮಾಡು,” ಎಂದಳು.

ಚನ್ನಮಲ್ಲಯ್ಯನವರ ಕಚೇರಿಯಲ್ಲೇ ಎರಡೂ ಕಡೆಯವರು ಸೇರಿದರು. ಅವರು ಒಂದು ಒಕ್ಕಣೆ ಬರೆದಿಟ್ಟಿದ್ದರು: ತಮ್ಮನ ಸಾವಿನ ದುಃಖದಲ್ಲಿ ಆಡಿದ ಮಾತು, ಯಾರ ಮೇಲೂ ಆರೋಪ ಹೊರಿಸುವ ಉದ್ದೇಶವಿರಲಿಲ್ಲ, ನೋವಾಗಿದ್ದರೆ ಕ್ಷಮಿಸಬೇಕು. ರಂಗರಾಜುವಿನ ಕಡೆಯ ವಕೀಲ ಓದಿ ತಲೆಯಾಡಿಸಿದ.

“ಉದ್ದೇಶ ಇರಲಿಲ್ಲ ಅಂದ್ರೆ ಸಾಲದು ಸರ್. ಮಾತು ಸುಳ್ಳು ಅಂತ ಬರಬೇಕು. ಇಲ್ಲಾಂದ್ರೆ ‘ನಿಜವೇ, ಹೆದರಿಸಿ ಬಾಯಿ ಮುಚ್ಚಿಸಿದ್ರು’ ಅಂತಾರೆ ಜನ.”

“ಗೊತ್ತಿಲ್ಲ ಅಂತ ಹಾಕಿ,” ಎಂದಳು ಈಶ್ವರಮ್ಮ. “ನಂಗೆ ಗೊತ್ತಿಲ್ಲ. ಅದು ನಿಜ.”

“ಗೊತ್ತಿಲ್ಲ ಅಂದ್ರೆ ಅನುಮಾನ ಉಳೀತದಲ್ಲಮ್ಮ. ಅನುಮಾನಕ್ಕೇ ಅಲ್ವೇ ಇವರ ಮಗಳ ಸಂಬಂಧ ಮುರಿದದ್ದು?”

ಚನ್ನಮಲ್ಲಯ್ಯ ಸ್ವಲ್ಪ ಹೊತ್ತು ವಾದಿಸಿದರು. ಗೊತ್ತಿಲ್ಲದ ಮಾತನ್ನು ನಿಜ ಅನ್ನೋದು ಎಷ್ಟು ತಪ್ಪೋ ಸುಳ್ಳು ಅನ್ನೋದೂ ಅಷ್ಟೇ ತಪ್ಪು ಎಂದರು. ಅದು ಕೋರ್ಟಿನಲ್ಲಿ ಹೇಳುವ ಮಾತು ಎಂದ ಆ ಕಡೆಯವನು. ಸರಿ ಹಾಗಾದರೆ ಕೋರ್ಟಿಗೇ ಹೋಗೋಣ ಎಂದು ಹೇಳಬೇಕಾದವಳು ಈಶ್ವರಮ್ಮ. ಎಲ್ಲರೂ ಅವಳ ಮುಖ ನೋಡಿದರು. ಅವಳು ಮಗಳನ್ನು ನೋಡಿದಳು. ಅನುಷಾಳ ಕೆಳದುಟಿ ಚಿಕ್ಕಂದಿನಲ್ಲಿ ಸೂಜಿಗೆ ಹೆದರಿದಾಗ ನಡುಗುತ್ತಿದ್ದಂತೆ ನಡುಗುತ್ತಿತ್ತು. ರಂಗರಾಜು ಮೂಲೆಯ ಕುರ್ಚಿಯಲ್ಲಿ ಕೂತು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಲೇ ಇದ್ದ.

“ಹಾಕ್ಕೊಳಿ,” ಎಂದಳು ಈಶ್ವರಮ್ಮ.

ಮುಂದೆ ಎಲ್ಲೂ, ಯಾರ ಬಳಿಯೂ ಈ ವಿಷಯ ಆಡುವುದಿಲ್ಲ ಎಂಬ ಸಾಲೂ ಸೇರಿತು. ಪೊಲೀಸರೋ ಕೋರ್ಟೋ ಕರೆದು ಕೇಳಿದರೆ ಮಾತ್ರ ಬೇರೆ ವಿಷಯ, ಅದಕ್ಕೆ ಯಾರೂ ಬೇಲಿ ಹಾಕುವಂತಿಲ್ಲ ಎಂದು ಚನ್ನಮಲ್ಲಯ್ಯ ಒತ್ತಿ ಬರೆಸಿದರು. ಸಹಿಯಾದ ಮೇಲೆ ಕ್ಯಾಲೆಂಡರಿದ್ದ ಗೋಡೆಗೆ ಬೆನ್ನು ಕೊಟ್ಟು ಅವಳನ್ನು ಕೂರಿಸಿದರು. ರಂಗರಾಜುವಿನ ವಕೀಲ ವಿಡಿಯೋ ಮಾಡಲು ಫೋನು ಹಿಡಿದ.

“ನನ್ನ ಹೆಸರು ಈಶ್ವರಮ್ಮ. ರಂಗರಾಜು ಅವರ ಬಗ್ಗೆ ನಾನು ಹೇಳಿದ ಮಾತು ಸುಳ್ಳು...” ಅಲ್ಲಿಗೆ ನಿಂತಳು.

“ಇನ್ನೊಂದ್ಸಲ ಅಮ್ಮ. ಸ್ವಲ್ಪ ಜೋರಾಗಿ.”

ಊರಿನ ಎಷ್ಟೋ ಹೆಣಗಳ ಮುಂದೆ ಅಡಗದ ದನಿ ಇಲ್ಲಿ ಮೇಲೇಳಲಿಲ್ಲ. ನೀರು ಕುಡಿಸಿದರು. ಮತ್ತೆ ಹೇಳಿದಳು. ಈ ಸಲ ಪೂರ್ತಿಯಾಯಿತು. ದನಿಯಲ್ಲಿ ಏನೂ ಇರಲಿಲ್ಲ, ಬಸ್ಸಿನಲ್ಲಿ ಊರಿನ ಹೆಸರು ಕೂಗಿದಂತೆ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು. ನಿಡುಗಲ್ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಅಮ್ಮನ ಮುಖ ನೋಡಲಾಗದೆ ಅನುಷಾ ಏನಾದರೂ ತರುತ್ತೇನೆಂದು ಅಂಗಡಿ ಕಡೆ ಹೋದಳು. ರಂಗರಾಜು ಬೈಕು ನಿಲ್ಲಿಸಿ ಬಂದು ಈಶ್ವರಮ್ಮ ಕೂತಿದ್ದ ಕಲ್ಲುಬೆಂಚಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತ.

“ಅಕ್ಕ.”

ಅವಳು ತಿರುಗಲಿಲ್ಲ. “ಇನ್ನೇನ್ ಬೇಕಪ್ಪ ನಿಂಗೆ? ಅಂದಾಯ್ತಲ್ಲ.”

“ನೀನು ಹೆಣದ್ ಮುಂದೆ ಅಂದದ್ದು ಸುಳ್ಳಲ್ಲ ಕಣಕ್ಕ.”

ಎದುರಿಗೆ ಸಿರಾ ಬಸ್ಸಿನ ಕಂಡಕ್ಟರು ‘ಸೀಟೈತೆ, ಸೀಟೈತೆ’ ಎಂದು ಕೂಗುತ್ತಿದ್ದ. ಈಶ್ವರಮ್ಮನಿಗೆ ಕೇಳಿದ್ದು ಸರಿಯೋ ಅಲ್ಲವೋ ತಿಳಿಯಲಿಲ್ಲ.

“ಕದ್ರ ಫೋನ್ ಮಾಡ್ದ. ಲೈನ್ ತೆಗ್ಸು ಅಂದ. ತೆಗ್ಸಿವ್ನಿ, ಹತ್ತು ಅಂದ್ಬುಟ್ಟೆ. ತೆಗ್ಸಿರ್ಲಿಲ್ಲ. ಅವ್ನು ಕಂಬದ್ ತಾವ ಹೋಗೋದ್ರೊಳ್ಗೆ ಸ್ಟೇಷನ್ಗೆ ಹೇಳಿದ್ರಾಯ್ತು ಅಂತ. ಯಾವಾಗ್ಲೂ ಅಂಗೇ ಮಾಡ್ತಿದ್ದೆ. ಆವತ್ತು ಮಧ್ಯ ಇನ್ಯಾರ್ದೋ ಫೋನ್ ಬಂತು. ಯಾರ್ದು ಅಂತ ಜ್ಞಾಪಕ ಮಾಡ್ಕೊಂಡ್ರೂ ಬರಾಕಿಲ್ಲ ಕಣಕ್ಕ. ಮಾತಾಡಿ ಇಡೋ ಹೊತ್ಗೆ...” ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. “ಹಾಲುತುಪ್ಪದ್ ದಿನ ನಿನ್ ಕಾಲಿಗ್ ಬಿದ್ದು ಹೇಳಾನ ಅಂತಿದ್ದೆ. ಅಷ್ಟ್ರಲ್ಲಿ ಲೋಕಕ್ಕೆಲ್ಲ ಕೊಲೆಗಾರ ಆಗಿದ್ದೆ. ಲೋಕದ್ ಮುಂದೆ ಹೆಂಗ್ ಹೇಳ್ಲಿ? ಜೈಲು. ಹುಡ್ಗಿ ಅವ್ಳೆ.”

“ಈಗ್ ಯಾಕ್ ಹೇಳ್ತಿದ್ದೀಯ?” ಅವಳ ದನಿ ಅವಳಿಗೇ ದೂರದಿಂದ ಕೇಳಿತು.

“ಯಾರಿಗಾದ್ರೂ ಹೇಳ್ದೆ ಇರಾಕಾಗ್ತಿಲ್ಲ ಅಕ್ಕ. ಅನ್ನ ಇಳೀತಿಲ್ಲ. ನೀನಂತೂ ಇನ್ ಯಾರ್ಗೂ ಹೇಳಾಂಗಿಲ್ವಲ್ಲ.”

ಅವನು ಅದನ್ನು ಕುಹಕದಿಂದ ಹೇಳಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅದಕ್ಕೇ ಈಶ್ವರಮ್ಮನಿಗೆ ಉಗಿಯಲೂ ಆಗಲಿಲ್ಲ. ಅವನು ಎದ್ದು, ಏನೋ ಹಗುರಾದವನಂತೆ ಪ್ಯಾಂಟಿನ ಧೂಳು ಕೊಡವಿಕೊಂಡು, ಬೈಕು ಹತ್ತಿ ಹೋದ.

ವಕೀಲರ ಕಚೇರಿ ನಾಲ್ಕು ಹೆಜ್ಜೆ ದೂರ. ಅವಳು ಎದ್ದು ನಿಂತಳು. ಹೋಗಿ ಏನೆನ್ನುವುದು? ಸ್ವಾಮಿ, ಈಗ ಗೊತ್ತಾಯಿತು ಅನ್ನುವುದೇ? ಯಾರು ಕೇಳಿದರು ಎಂದರೆ ನಾನೊಬ್ಬಳೇ. ಅವನು ಹೇಳಿಲ್ಲ ಎನ್ನುತ್ತಾನೆ. ಸುಳ್ಳು ಎಂದು ಇದೇ ಬಾಯಲ್ಲಿ, ಈಗ ತಾನೇ, ಜೋರಾಗಿ ಹೇಳಿದವಳ ಮಾತನ್ನು ಯಾವ ಪೊಲೀಸು ಬರೆದುಕೊಳ್ಳುತ್ತಾನೆ? ಬರೆದುಕೊಂಡರೂ ಮೊದಲ ಹೆಸರು ಮತ್ತೆ ಅನುಷಾಳದು. ಕೋಣೆಯೊಳಗಿನ ಪ್ರಿಯಾಂಕ ಮತ್ತೆ ಕೋಣೆಯೊಳಗೆ. ಗೊತ್ತಿಲ್ಲದಾಗ ಬಾಯಿ ತುಂಬ ಹಾಡಿದ್ದಳು. ಗೊತ್ತಾದ ಹೊತ್ತಿಗೆ ಬಾಯಿ ಅವಳದಾಗಿರಲಿಲ್ಲ.

“ಯಾಕಮ್ಮ ನಿಂತೆ? ಬಸ್ ಬಂತು.” ಅನುಷಾ ಬಾಳೆಹಣ್ಣು ಹಿಡಿದುಕೊಂಡು ಬಂದಳು. “ಅವ್ನ್ ಬಂದಿದ್ನಲ್ಲ, ಏನಂದ?”

“ಬಿಸ್ಲು ಅಂದ,” ಎಂದಳು ಈಶ್ವರಮ್ಮ.

ಬಸ್ಸಿಗಿಂತ ಮೊದಲು ವಿಡಿಯೋ ಊರು ಸೇರಿತ್ತು. ಪಟಾಲಮ್ಮ ಬಾಗಿಲಲ್ಲೇ ಕೂತಿದ್ದಳು. ಚಿಕ್ಕ ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡು ಈಶ್ವರಮ್ಮ ಹತ್ತಿರ ಹೋದಳು. ಪಟಾಲಮ್ಮ ತಲೆಯೆತ್ತಿ ನೋಡಿದಳು, ಅಷ್ಟೇ.

“ಸುಳ್ಳು ಅಂದ್ಯಂತೆ ವದಿನಾ.”

“ಹೂಂ.”

“ಕೇಸಿಗೆ ಹೆದ್ರಿ ಅಂದ್ಯಾ, ಇಲ್ಲ ನಿಜವಾಗ್ಲೂ ಸುಳ್ಳಾ?”

ಅನುಷಾಳೂ ಅಮ್ಮನ ಕಡೆ ತಿರುಗಿದಳು. ಈಶ್ವರಮ್ಮನ ಬಾಯೊಳಗೆ ಮಾತು ಪೂರ್ತಿಯಾಗಿ ಇತ್ತು. ಹೇಳಿದರೆ ಪಟಾಲಮ್ಮ ಈ ಕ್ಷಣವೇ ಮೇಲಿನ ಬೀದಿಗೆ ಓಡುತ್ತಾಳೆ, ಕೂಗುತ್ತಾಳೆ. ನಾಳೆ ಅವಳ ಬಾಗಿಲಿಗೂ ಪೋಸ್ಟ್‌ಮನ್ ಬರುತ್ತಾನೆ. ಆಗ ಈ ಎರಡು ಮಕ್ಕಳು?

“ಸುಳ್ಳೇ ಕಣಮ್ಮ,” ಎಂದಳು.

ಪಟಾಲಮ್ಮ ಮಗುವಿನ ಹಣೆಯ ಮೇಲಿನ ನೊಣ ಓಡಿಸಿದಳು.

“ಅಂಗಾದ್ರೆ,” ಎಂದಳು ಕೊನೆಗೆ, ಯಾರನ್ನೂ ಕೇಳದವಳಂತೆ, “ಇವ್ರೇ ನೋಡ್ದೆ ಹತ್ಬುಟ್ರಾ? ನಮ್ ಮೂರ್ ಜನದ್ ಜ್ಞಾಪ್ಕಾನೂ ಬರ್ಲಿಲ್ವಾ ಇವ್ರಿಗೆ?”

ಈಶ್ವರಮ್ಮ ಗೋಡೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತಳು. ಗಂಡನ ಮೇಲೆ ಪಟಾಲಮ್ಮನ ಸಿಟ್ಟು ನಿಧಾನಕ್ಕೆ ಏರುವುದನ್ನು ನೋಡುತ್ತ ಕೂತಳು. ಆ ಸಿಟ್ಟು ಹುಟ್ಟಿದ್ದು ಈ ಬಾಗಿಲಲ್ಲೇ, ಈಗಲೇ, ತನ್ನ ಒಂದು ಮಾತಿನಿಂದ.

“ಹೇಳು ವದಿನಾ, ಇವ್ರದೇ ತಪ್ಪಾ?”

“ಹೂಂ,” ಎಂದಳು ಈಶ್ವರಮ್ಮ. “ಅವ್ನದೇ ತಪ್ಪು.”